ಓಣಿಯ ಕ್ರಿಯಾ ಯೋಜನೆ ಗೋಡೆಗೆ ಬರೆಸಿದೆವು: ಪೇಂಟರ್ ಕೆಲಸ ಹೇಗಿದೆ ಅಂದ್ರೆ...

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ನಾಲ್ಕು ಅಂಕ. ಅಕ್ಷರ ಚೆನ್ನಾಗಿದೆ, ರೇಟು ನ್ಯಾಯವಾಗಿದೆ, ತಲೆ ಓಡಿಸಿ ಕೆಲಸ ಮಾಡ್ತಾರೆ. ಹೇಳಿದ ದಿನಕ್ಕೆ ಬರೋದು ಮಾತ್ರ ಅವರ ಜಾಯಮಾನದಲ್ಲಿ ಇಲ್ಲ. ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರುವ ಪೇಂಟರ್ ಇವರು. ಕಿರಾಣಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರೇಲರ್ ಹಿಂದಿನ ಬರಹ, ಶಾಲೆ ಗೋಡೆ ಮೇಲಿನ ಮಗ್ಗಿ, ಎಲ್ಲಾ ಬರೆಯುತ್ತಾರೆ. ಹೆಸರು ಹಾಕಬೇಡ್ರಿ ಅಂದರು, ಹಾಗಾಗಿ ಹಾಕಿಲ್ಲ.

ನಾವು ಅವರಿಂದ ಬರೆಸಿದ್ದು ನಮ್ಮ ಓಣಿಯ 2024-25ರ ಕ್ರಿಯಾ ಯೋಜನೆ. ಪಂಚಾಯ್ತಿ ದುಡ್ಡಲ್ಲಿ ನಮ್ಮ ವಾರ್ಡಿಗೆ ಯಾವ ಕೆಲಸ ಬಂದಿದೆ, ಎಷ್ಟಕ್ಕೆ, ಎಲ್ಲಿಗೆ ಬಂತು, ಬಿಲ್ ಆಯ್ತಾ ಇಲ್ವಾ, ಅಷ್ಟನ್ನೂ ದಾರಿಯಲ್ಲಿ ಹೋಗುವವರು ನಿಂತು ಓದೋ ಹಾಗೆ. ಬೇರೆ ಊರಿನವರು ಬಂದು ನೋಡಿ "ನಮಗೂ ಬೇಕು, ಯಾರ ಹತ್ರ ಬರೆಸಿದ್ರಿ" ಅಂತ ಕೇಳ್ತಾ ಇದ್ದಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳೋ ಬದಲು ಇಲ್ಲೇ ಬರೀತೀನಿ.

ನಾನು ಊರಿನ ಸಂಜೀವಿನಿ ಒಕ್ಕೂಟದಲ್ಲಿ, ಅಂದ್ರೆ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ, ಲೆಕ್ಕ ಬರೆಯುವವಳು. ಊರು ತಾವರಗೇರಾ ಕಡೆ. ದಿನಾ ಗೆರೆ ಎಳೆದು ಜಮಾ ಖರ್ಚು ಬರೆದು ಬರೆದು, ಕಾಲಂ ಇಲ್ಲದ ಕಾಗದ ಕಂಡರೆ ಕೈ ತುರಿಸುತ್ತೆ. ವಾರ್ಡ್ ಸಭೆಗೆ ಹೋದಾಗೆಲ್ಲ ನನಗೆ ಒಂದೇ ಸಿಟ್ಟು ಬರೋದು. ಸಭೆಯಲ್ಲಿ ಜನ ಹೇಳಿದ್ದನ್ನ ಬರೆದುಕೊಳ್ತಾರೆ. ಆ ಪಟ್ಟಿ ಗ್ರಾಮ ಸಭೆಗೆ ಹೋಗುತ್ತೆ. ಅಲ್ಲಿ ಗಡಿಬಿಡಿಯಲ್ಲಿ ಓದಿ ಹೇಳ್ತಾರೆ, ಚಹಾ ಬರುತ್ತೆ, ಠರಾವು ಆಗುತ್ತೆ. ಪಂಚಾಯ್ತಿ ಸಾಮಾನ್ಯ ಸಭೆ ಒಪ್ಪುತ್ತೆ, ಆಮೇಲೆ ಇ-ಗ್ರಾಮಸ್ವರಾಜ್‌ಗೆ, ಅಂದ್ರೆ ಪಂಚಾಯ್ತಿ ಯೋಜನೆಗಳ ಸರ್ಕಾರಿ ವೆಬ್‌ಸೈಟಿಗೆ, ಏರಿಸ್ತಾರೆ. ಅಲ್ಲಿಗೆ ಯೋಜನೆ ಪಾಸು. ಓಣಿಯವರಿಗೆ ಅದು ಮತ್ತೆ ಕಾಣೋದು ಜೆಸಿಬಿ ಬಂದು ರಸ್ತೆ ಅಗೆದಾಗಲೇ. ಅದು ನಾವು ಕೇಳಿದ ಕೆಲಸವಾ, ಬೇರೆಯದಾ, ಎಷ್ಟರದು, ಯಾರಿಗೂ ಗೊತ್ತಿರಲ್ಲ. ಗೊತ್ತಿಲ್ಲದ ಮೇಲೆ ಕೇಳೋದಾದ್ರೂ ಏನು?

ನೋಟಿಸ್ ಬೋರ್ಡಿಗೆ ಹಚ್ಚಿ ಅಂತ ಕಾನೂನೇ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ಓದಿ ನೋಡಿ. ಜನ ಅರ್ಜಿ ಹಾಕೋವರೆಗೆ ಕಾಯದೆ ಸರ್ಕಾರಿ ಕಚೇರಿಗಳು ತಾವಾಗೇ ಮಾಹಿತಿ ಹೊರಗೆ ಹಾಕಬೇಕು ಅನ್ನುತ್ತೆ. ರಾಜಸ್ಥಾನದ ಕೆಲವು ಪಂಚಾಯ್ತಿಗಳಲ್ಲಿ ನರೇಗಾದಲ್ಲಿ ಯಾರಿಗೆ ಎಷ್ಟು ದಿನ ಕೂಲಿ ಸಿಕ್ಕಿತು ಅನ್ನೋದನ್ನೂ ಗೋಡೆಗೆ ಬರೆಸಿದ್ದಾರೆ. ಒಂದು ತರಬೇತಿಯಲ್ಲಿ ಅದರ ಫೋಟೋ ತೋರಿಸಿದ್ದರು. ಅದನ್ನ ಇಟ್ಟುಕೊಂಡೇ ನಾನು ನಮ್ಮ ವಾರ್ಡ್ ಮೆಂಬರ್ ಬೆನ್ನು ಹತ್ತಿದ್ದು. ಪಂಚಾಯ್ತಿಯ ಸ್ವಂತ ತೆರಿಗೆ ದುಡ್ಡಲ್ಲಿ ಕೊಡೋಣ ಅಂತ ಕೊನೆಗೆ ಒಪ್ಪಿದರು.

ಮೊದಲು ಬಂದ ಮಾತು ಫ್ಲೆಕ್ಸ್. ಚದರಡಿಗೆ ಹನ್ನೆರಡು ರೂಪಾಯಿ, ಸಂಜೆ ಕೊಟ್ಟರೆ ಬೆಳಗ್ಗೆ ರೆಡಿ, ಅಧ್ಯಕ್ಷರ ಫೋಟೋನೂ ಹಾಕಬಹುದು. ಆ ಫೋಟೋ ಆಸೆಗೇ ಅರ್ಧ ಜನ ಫ್ಲೆಕ್ಸ್ ಕಡೆ ವಾಲಿದ್ದರು. ಆದ್ರೆ ನಮ್ಮ ಕೊಪ್ಪಳ ಸೀಮೆ ಬಿಸಿಲಿಗೆ ಫ್ಲೆಕ್ಸ್ ಎಷ್ಟು ದಿನ ತಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಗಾಳಿ ಎದ್ದರೆ ಹರಿದು ಮೇಕೆಗೆ ನೆರಳಾಗುತ್ತೆ. ಅದೂ ಅಲ್ಲದೆ 2016ರಲ್ಲೇ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಗಿದೆ. ಪಂಚಾಯ್ತಿಯೇ ಹೋಗಿ ಫ್ಲೆಕ್ಸ್ ಕಟ್ಟಿದರೆ ನೋಡೋಕೆ ಚೆನ್ನಾಗಿರುತ್ತಾ? ಎಲ್ಲಕ್ಕಿಂತ ದೊಡ್ಡ ಮಾತು, ಫ್ಲೆಕ್ಸಲ್ಲಿ ಒಂದಕ್ಷರ ತಿದ್ದೋಕೂ ಆಗಲ್ಲ. ಯೋಜನೆ ಒಪ್ಪಿಕೊಂಡ ದಿನ ಹೇಗಿತ್ತೋ ಹಾಗೇ ನಿಂತಿರುತ್ತೆ.

ಮೊಬೈಲಲ್ಲಿ ನೋಡಬಹುದಲ್ವಾ ಅಂತ ಹುಡುಗರು ಕೇಳಿದರು. ನೋಡಬಹುದು. ಇ-ಗ್ರಾಮಸ್ವರಾಜ್ 2020ರ ಏಪ್ರಿಲ್ 24ರಿಂದ ಇದೆ. ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದರೆ ಯೋಜನೆ ಸಿಗುತ್ತೆ. ಗೋಡೆಗೆ ಬರೆಸೋ ಮುಂಚೆ ಮೊತ್ತ ತಾಳೆ ನೋಡೋಕೆ ನಾನೂ ಅದನ್ನೇ ತೆರೆದದ್ದು. ಆದ್ರೆ ನಮ್ಮ ಓಣಿಯಲ್ಲಿ ಕೀಪ್ಯಾಡ್ ಫೋನ್ ಹಿಡಿದವರೇ ಜಾಸ್ತಿ. ಇನ್ನೊಂದು, ಮೊಬೈಲಲ್ಲಿ ಒಬ್ಬರೇ ನೋಡ್ತಾರೆ. ಗೋಡೆ ಮುಂದೆ ನಾಲ್ಕು ಜನ ನಿಂತು ಜಗಳ ಆಡ್ತಾರೆ. ನಮಗೆ ಬೇಕಾಗಿದ್ದು ಆ ಜಗಳ.

ಯಾವ ಗೋಡೆ ಅನ್ನೋದರಲ್ಲೂ ಸ್ವಲ್ಪ ಎಳೆದಾಟ ಆಯಿತು. ಗುಡಿ ಗೋಡೆ ಅಂದರು. ಊರಲ್ಲಿ ಎಲ್ಲರೂ ಅಲ್ಲಿ ಆರಾಮಾಗಿ ನಿಂತು ಓದಲ್ಲ, ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯ್ತಿ ಆಫೀಸಿನ ಗೋಡೆ ಊರಾಚೆ. ಕೊನೆಗೆ ಶಾಲೆ ಕಾಂಪೌಂಡು ಆಯ್ತು, ಕುಡಿಯುವ ನೀರಿನ ಘಟಕದ ಎದುರಿಗೇ. ಕೊಡ ಹಿಡಿದು ಪಾಳಿ ನಿಂತವರಿಗೆ ನೋಡೋಕೆ ಬೇರೇನೂ ಇರಲ್ಲ, ಓದೇ ಓದ್ತಾರೆ. ಎಸ್‌ಡಿಎಂಸಿಯವರ (ಶಾಲೆ ನೋಡಿಕೊಳ್ಳುವ ಸಮಿತಿಯವರ) ಒಪ್ಪಿಗೆ ಬರವಣಿಗೆಯಲ್ಲೇ ತಗೊಂಡ್ವಿ. ನೀವೂ ತಗೊಳ್ಳಿ, ಆಮೇಲೆ ಯಾರೋ ಬಂದು ಸುಣ್ಣ ಹೊಡೆದುಬಿಡ್ತಾರೆ.

ಈಗ ಪೇಂಟರ್ ವಿಷಯ. ನಾನು ಕೊಟ್ಟಿದ್ದು ಪಂಚಾಯ್ತಿಯಿಂದ ಸಿಕ್ಕ ಪಟ್ಟಿಯ ಝೆರಾಕ್ಸು. ಅದರಲ್ಲಿ "ವಾರ್ಡಿನಲ್ಲಿ ಸಿಸಿ ಚರಂಡಿ ನಿರ್ಮಾಣ" ಅಂತಿತ್ತು, ಸಿಸಿ ಅಂದ್ರೆ ಕಾಂಕ್ರೀಟು. ಕಾಗದ ನೋಡಿದವರೇ ಪೇಂಟರ್ ಕೇಳಿದರು:

"ಅಕ್ಕಾರ, ಇದು ಎಲ್ಲಿಂದ ಎಲ್ಲಿತನಕ?"

"ಅದ್ಯಾಕ್ರೀ ನಿಮಗ? ಇದ್ದಂಗ ಬರೀರಿ."

"ಬರೀತೀನ್ರೀ. ಆದ್ರ ನಾ ಏಣಿ ಮ್ಯಾಲೆ ನಿಂತಾಗ ಮಂದಿ ಬಂದು ನನ್ನ ಕೇಳ್ತಾರ್ರೀ, ನಮ್ಮನಿ ಮುಂದ ಬರತೈತೋ ಇಲ್ಲೋ ಅಂತ. ನಾ ಏನ್ ಹೇಳ್ಲಿ?"

ಆ ಪ್ರಶ್ನೆಗೇ ಅವರಿಗೆ ಪೂರ್ತಿ ದುಡ್ಡು ಕೊಡಬಹುದು. ನಾನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, ಜೂನಿಯರ್ ಎಂಜಿನಿಯರ್ ಮಾಡಿದ ಎಸ್ಟಿಮೇಟ್ ತೆಗೆಸಿ, ಪ್ರತಿ ಕಾಮಗಾರಿಗೂ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆಸಿಕೊಂಡು ಬಂದೆ. "ದುರ್ಗಮ್ಮನ ಗುಡಿಯಿಂದ ಅಂಗನವಾಡಿವರೆಗೆ" ಅಂತ ಗೋಡೆ ಮೇಲೆ ಬಂದಾಗ ಅದು ಅಳೆಯೋಕೆ ಬರುವ ಕೆಲಸ ಆಯಿತು. ಬರೀ "ವಾರ್ಡಿನಲ್ಲಿ" ಅಂದ್ರೆ ಎಲ್ಲಿ ನಾಲ್ಕು ಅಡಿ ಕಟ್ಟಿದರೂ ಮುಗಿದ ಲೆಕ್ಕವೇ ಅಲ್ವಾ? ನಿಮ್ಮೂರಲ್ಲಿ ಗೋಡೆಗೆ ಬರೆಸದೇ ಇದ್ದರೂ ಪರವಾಗಿಲ್ಲ, ಗ್ರಾಮ ಸಭೆಯಲ್ಲಿ ಠರಾವು ಆಗೋ ಮುಂಚೆ ಈ ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಸೇರಿಸಿಸಿ.

ಗೋಡೆ ಹತ್ತು ಅಡಿ ಅಗಲ, ಆರು ಅಡಿ ಎತ್ತರ. ಹಳೆ ಸುಣ್ಣ ಕೆರೆದು, ಪ್ರೈಮರ್ ಹೊಡೆದು, ಬಿಳಿ ಎನಾಮೆಲ್ ಕೊಟ್ಟರು. ಗೆರೆಗೆ ನೀಲಿ ಪುಡಿ ಹಚ್ಚಿದ ದಾರ. ಇಬ್ಬರು ಎರಡು ಕಡೆ ಬಿಗಿ ಹಿಡಿದು ನಡುವೆ ಎಳೆದು ಬಿಟ್ಟರೆ ಟಪ್ ಅಂತ ನೇರ ಗೆರೆ ಬೀಳುತ್ತೆ. ಶಾಲೆ ಮಕ್ಕಳು ಅದನ್ನ ನೋಡೋಕೆ ಊಟದ ಗಂಟೆ ಬಿಟ್ಟು ನಿಂತಿದ್ದರು. ಅಕ್ಷರ ಗುಂಡಗೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲಿನ ನಡುವೆ ಜಾಗ ಬಿಟ್ಟಿದ್ದಾರೆ. ಕಂಪ್ಯೂಟರ್ ಫ್ಲೆಕ್ಸಲ್ಲಿ "ಟ್ಟ", "ಸ್ತ್ರ" ಎಲ್ಲ ಒಂದರ ಮೇಲೊಂದು ಹತ್ತಿ ಕೂತಿರುತ್ತವಲ್ಲ, ಆ ಕಾಟ ಇಲ್ಲಿಲ್ಲ. ಎತ್ತರವೂ ಸರಿಯಾಗಿದೆ. ಕೊಡ ತಲೆ ಮೇಲಿಟ್ಟವರು ಕತ್ತು ಎತ್ತದೇ ಓದಬಹುದು.

ಬಣ್ಣದ ಉಪಾಯವೂ ಅವರದ್ದೇ. ಎಲ್ಲಾ ಕಪ್ಪಲ್ಲಿ ಬರೆದರೆ ಯಾರು ಓದ್ತಾರೆ ಅಂದರು. ಅನುದಾನದ ಪ್ರಕಾರ ಬಣ್ಣ ಹಂಚೋಣ ಅಂತ ನಾನು ಹೇಳಿದೆ. ಇದಕ್ಕೆ ಕಾರಣ ಇದೆ. ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು 2021ರಿಂದ 2026ರವರೆಗೆ ಪಂಚಾಯ್ತಿಗೆ ಬರುವಾಗಲೇ ಭಾಗ ಆಗಿ ಬರುತ್ತಿತ್ತು. ನೂರಕ್ಕೆ 60 ಭಾಗ ಕಟ್ಟಿಟ್ಟ ದುಡ್ಡು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಭಾಗ ಮುಕ್ತ ನಿಧಿ, ಅದನ್ನ ಊರಿಗೆ ಏನು ಬೇಕೋ ಅದಕ್ಕೆ ಹಾಕಬಹುದಿತ್ತು, ಸಂಬಳಕ್ಕೆ ಮಾತ್ರ ಇಲ್ಲ. ಇದು ಗೊತ್ತಿಲ್ಲದೆ ಪ್ರತಿ ಸಭೆಯಲ್ಲೂ ಸಮುದಾಯ ಭವನ ಕೇಳೋರು, ಯಾಕಾಗಲ್ಲ ಅಂತ ಕೂಗಾಡೋರು ಇದ್ದಾರೆ. ಹಾಗಾಗಿ ನೀರು, ನೈರ್ಮಲ್ಯದ ಸಾಲುಗಳು ನೀಲಿ. ಮುಕ್ತ ನಿಧಿಯದ್ದು ಕೆಂಪು. ಗೋಡೆ ದೂರದಿಂದ ನೋಡಿದರೂ ನೀಲಿ ಜಾಸ್ತಿ, ಕೆಂಪು ಕಮ್ಮಿ. ಈಗ ಸಭೆಯಲ್ಲಿ ಜನ "ಕೆಂಪಿನಾಗ ಎಷ್ಟು ಉಳಿದೈತಿ?" ಅಂತ ಕೇಳ್ತಾರೆ. ಪಿಡಿಒ ಅವರೇ ನನ್ನ ಹತ್ತಿರ ನಕ್ಕರು.

ಬಲಗಡೆಯ ಎರಡು ಕಾಲಂ ಈ ಕೆಲಸದ ಜೀವಾಳ. "ಎಲ್ಲಿಗೆ ಬಂತು" ಮತ್ತು "ಬಿಲ್". ಇವಕ್ಕೆ ಎನಾಮೆಲ್ ಬೇಡ, ಶಾಲೆಯ ಕಪ್ಪು ಹಲಗೆಗೆ ಹೊಡೆಯುವ ಬಣ್ಣವನ್ನೇ ಹೊಡೀತೀನಿ, ಸೀಮೆಸುಣ್ಣದಲ್ಲಿ ಬರೀರಿ, ಒರೆಸಿರಿ ಅಂದರು. ಎಡಗಡೆ ಇರೋದು ಗ್ರಾಮ ಸಭೆ ಒಪ್ಪಿದ್ದು, ಅದನ್ನ ಯಾರೂ ಒರೆಸೋ ಹಾಗಿಲ್ಲ. ಬಲಗಡೆ ಇರೋದು ನಡೀತಾ ಇರೋದು, ಅದು ಬದಲಾಗ್ತಾ ಇರಬೇಕು. ಸೀಮೆಸುಣ್ಣ ಯಾರ ಕೈಯಲ್ಲಿ ಅನ್ನೋದನ್ನ ಪೇಂಟರ್ ಹೇಳಲಿಲ್ಲ, ಅದು ನಮ್ಮ ತಲೆನೋವು. ಬಿಟ್ಟರೆ ಗುತ್ತಿಗೆದಾರರೇ ಬಂದು "ಮುಗಿದಿದೆ" ಅಂತ ಬರೆದು ಹೋಗ್ತಾರೆ. ಸಂಘದ ಇಬ್ಬರು ಹೆಣ್ಣುಮಕ್ಕಳು ಜಾಗಕ್ಕೆ ಹೋಗಿ ನೋಡಿ ಬರೀಬೇಕು, ತಾರೀಖು ಹಾಕಬೇಕು ಅಂತ ಮಾಡಿಕೊಂಡ್ವಿ. ಬಿಲ್ ಕಾಲಂಗೆ ಪಂಚಾಯ್ತಿ ಪುಸ್ತಕ ನೋಡದೆ ಕೈ ಹಚ್ಚೋ ಹಾಗಿಲ್ಲ. ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿ ಬಿದ್ದ ಮೇಲೇ ದುಡ್ಡು ಹೋಗೋದು, ಹಾಗಾಗಿ ಅದು ಖಚಿತವಾಗಿ ಗೊತ್ತಾಗುತ್ತೆ. ನಡುವೆ ಒಂದು ವಾರ "ಎಲ್ಲಿಗೆ ಬಂತು" ಕಾಲಂನಲ್ಲಿ ಹುಡುಗರ ಕ್ರಿಕೆಟ್ ಸ್ಕೋರ್ ಇತ್ತು. ಹೈಮಾಸ್ಟ್ ದೀಪದ (ಎತ್ತರದ ಕಂಬದ ದೀಪದ) ಸಾಲಿನ ಮುಂದೆ "4 ವಿಕೆಟ್‌ಗೆ 62". ನೋಡಿದ ಮೆಂಬರ್‌ಗೆ ಸಿಟ್ಟು ಬಂತು, ಉಳಿದವರಿಗೆಲ್ಲ ನಗು.

ಕೊರತೆ ಹೇಳ್ತೀನಿ. ಲೋಕಸಭೆ ಚುನಾವಣೆ ನೀತಿ ಸಂಹಿತೆ ಮುಗಿಯಲಿ ಅಂತ ಕಾದು ಜೂನ್‌ನಲ್ಲಿ ಬರೆಸಿದ್ದು. ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅಂತ ಪೇಂಟರ್ ದಿನ ದೂಡಿದರು, ಅಷ್ಟರಲ್ಲಿ ಮಳೆ ಬಂತು. ಗೋಡೆ ಪೂರ್ತಿ ಒಣಗದೇ ಪ್ರೈಮರ್ ಹೊಡೆದರು. ಎಡಗಡೆ ಕೆಳಮೂಲೆಯಲ್ಲಿ ಉಪ್ಪು ಬಿಟ್ಟು ಬಣ್ಣ ಹಪ್ಪಳದಂತೆ ಎದ್ದಿತು. ಸರಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಆದ್ರೆ ಫೋನ್ ಮಾಡಿ ಮಾಡಿ ಸಾಕಾಯಿತು. ಇನ್ನೊಂದು, ಅಂಕಿ ಬರೆಯುವಾಗ ಅವರ ಮೇಲೆ ಕಣ್ಣಿಟ್ಟಿರಿ. 1,50,000 ಅನ್ನೋದನ್ನ 15,00,000 ಮಾಡಿದ್ದರು. ಬಣ್ಣ ಹಸಿ ಇದ್ದಾಗಲೇ ಹಿಡಿದೆ. ಒಣಗಿದ್ದಿದ್ದರೆ ಮರುದಿನ ಊರಲ್ಲಿ ಹದಿನೈದು ಲಕ್ಷ ಯಾರು ತಿಂದರು ಅಂತ ಪಂಚಾಯ್ತಿಕಟ್ಟೆ ಸೇರುತ್ತಿತ್ತು.

ಯೋಜನೆ ಬದಲಾದಾಗ ಈ ಪೇಂಟರ್ ಕೆಲಸದ ಬೆಲೆ ನಿಜವಾಗಿ ಗೊತ್ತಾಗಿದ್ದು. ಬರೆಯುವಾಗಲೇ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದರು. "ಇರ್ಲಿ ಬಿಡ್ರೀ ಅಕ್ಕಾರ, ಪಂಚಾಯ್ತಿ ಕೆಲಸ ಅಂದ್ರ ನಡುವ ಏನರ ಬರ್ತೈತಿ" ಅಂದಿದ್ದರು. ಬಂತು. ಚಳಿಗಾಲದಲ್ಲಿ ನಮ್ಮ ಓಣಿಯ ಬೋರ್‌ವೆಲ್ ಮೋಟರ್ ಸುಟ್ಟಿತು. ಕೆಂಪು ದುಡ್ಡಲ್ಲಿ ಅಗಸಿ (ಊರಬಾಗಿಲು) ಹತ್ತಿರ ಹೈಮಾಸ್ಟ್ ದೀಪ ಅಂತ ಇತ್ತಲ್ಲ, ಅದನ್ನ ಕೈಬಿಟ್ಟು ಮೋಟರ್ ಮತ್ತು ಪೈಪಿಗೆ ಹಾಕೋಣ ಅಂತ ಗ್ರಾಮ ಸಭೆಯಲ್ಲಿ ಮಾತಾಯಿತು, ಠರಾವೂ ಆಯಿತು. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಮಾಡಬೇಕು ಅಂತ ಕಾಯ್ದೆ ಹೇಳೋದು ಇಂಥದ್ದಕ್ಕೇ. ಆದ್ರೆ ಹೀಗೆ ಬದಲಾದದ್ದು ಸಭೆಗೆ ಬಾರದ ಜನಕ್ಕೆ ಹೇಗೆ ಗೊತ್ತಾಗಬೇಕು?

ಒಬ್ಬರು, ಹೆಸರು ಬೇಡ, ದೀಪದ ಸಾಲಿನ ಮೇಲೆ ಬಿಳಿ ಬಣ್ಣ ಹೊಡೆಸಿ ಅದೇ ಜಾಗದಲ್ಲಿ ಮೋಟರ್ ಅಂತ ಬರೆಸಿಬಿಡಿ ಅಂದರು. ನೀಟಾಗಿ ಕಾಣುತ್ತಂತೆ. ನನ್ನ ಲೆಕ್ಕದ ಪುಸ್ತಕದಲ್ಲಿ ವೈಟ್ನರ್ ಹಚ್ಚಿದರೆ ಆಡಿಟ್‌ನವರು ಬಿಡ್ತಾರಾ? ಹೊಡೆದು ಹಾಕಿದ್ದು ಓದೋಕೆ ಬರಬೇಕು, ಪಕ್ಕದಲ್ಲಿ ಸಹಿ ತಾರೀಖು ಇರಬೇಕು. ಗೋಡೆಗೂ ಅದೇ ನಿಯಮ ಅಂದೆ. ಪೇಂಟರ್ ಬಂದು ದೀಪದ ಸಾಲಿನ ನಡುವೆ ಒಂದೇ ಒಂದು ತೆಳು ಕಪ್ಪು ಗೆರೆ ಎಳೆದರು. ಕೆಳಗಿನ ಅಕ್ಷರ ಪೂರ್ತಿ ಓದಬಹುದು. ಖಾಲಿ ಸಾಲಿನಲ್ಲಿ ಮೋಟರ್, ಪೈಪ್‌ಲೈನ್, ಮೊತ್ತ, ಜೊತೆಗೆ ಯಾವ ಗ್ರಾಮ ಸಭೆಯಲ್ಲಿ ಬದಲಾಯಿತು ಅಂತ ತಾರೀಖು. ಅಗಸಿ ಹತ್ತಿರದ ಮನೆಯವರು ಬಂದು "ನಮ್ಮ ದೀಪ ಹೋಯ್ತಲ್ಲ" ಅಂತ ಬೇಜಾರು ಮಾಡಿಕೊಂಡರು. ಮುಂದಿನ ವರ್ಷದ ಪಟ್ಟಿಗೆ ಅದನ್ನ ಮೊದಲಿಗೆ ಸೇರಿಸಿ ಅಂತ ಹಿಡಿದು ಕೂತರು. ಬಿಳಿ ಬಣ್ಣ ಹೊಡೆಸಿದ್ದರೆ ಕೇಳೋಕೆ ಅವರಿಗೆ ಆಧಾರವೇ ಇರುತ್ತಿರಲಿಲ್ಲ.

ಆಮೇಲೆ ಜಮಾಬಂದಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲ ಜನರ ಮುಂದೆ ನೋಡೋಕೆ ಅಧಿಕಾರಿಗಳು ಬರ್ತಾರೆ. ಸಾಮಾನ್ಯವಾಗಿ ಆಫೀಸಲ್ಲಿ ಪುಸ್ತಕ ತಿರುವಿ, ಎರಡು ಕೆಲಸ ನೋಡಿ ಹೋಗ್ತಾರೆ. ಈ ಸಲ ಗೋಡೆ ಹತ್ತಿರ ಕರೆದುಕೊಂಡು ಬಂದ್ವಿ. ಚರಂಡಿ ಸಾಲಿನಲ್ಲಿ ಪಂಚಾಯ್ತಿ ಪುಸ್ತಕ "ಪೂರ್ಣ" ಅನ್ನುತ್ತೆ. ನಮ್ಮ ಸೀಮೆಸುಣ್ಣ "ಅಂಗನವಾಡಿ ಮುಂದೆ ಬಾಕಿ" ಅನ್ನುತ್ತೆ. ನಮ್ಮ ಸಂಘದ ಒಬ್ಬ ಅಜ್ಜಿ, ಓದೋಕೆ ಬರಲ್ಲ, ಗುಡಿಯಿಂದ ಅಂಗನವಾಡಿತನಕ ಅಂತ ಬರೆದಿದೆ ಅನ್ನೋದು ಮಾತ್ರ ಬಾಯಿಪಾಠ. "ಬರ್ರೀ ಸಾಹೇಬ್ರ, ನಡೀರಿ" ಅಂತ ಮುಂದೆ ಹೊರಟೇಬಿಟ್ಟಳು. ಟೇಪು ಹಿಡಿದು ಅಳೆದರು. ಅಂಗನವಾಡಿ ಮುಂದೆ ಮೋರಿ ಕೂಡಿಸದೇ ಬಿಟ್ಟಿದ್ದು ಬರೆದುಕೊಂಡರು. ದೀಪಾವಳಿ ಹೊತ್ತಿಗೆ ಕೂಡಿಸಿದರು. ಗೋಡೆ ಇಲ್ಲದಿದ್ದರೂ ಆಗ್ತಿತ್ತೇನೋ, ನಾನು ಪ್ರಮಾಣ ಮಾಡಲ್ಲ. ಆದ್ರೆ ಅಜ್ಜಿ ಅಷ್ಟು ಜೋರಾಗಿ ಹೊರಡ್ತಿರಲಿಲ್ಲ.

ಬರೆಸುವವರಿಗೆ ಒಂದು ಮಾತು. ಮಾರ್ಚ್ 31ಕ್ಕೆ ವರ್ಷ ಮುಗೀತು, ಏಪ್ರಿಲ್‌ನಲ್ಲಿ ಗೋಡೆ ಅಳಿಸಿ ಹೊಸದು ಬರೀತೀನಿ ಅಂತ ಪೇಂಟರ್ ಹೇಳ್ತಾರೆ. ಒಪ್ಪಬೇಡಿ. ಹಳೆ ವರ್ಷದ ಜಮಾಬಂದಿ ಆಗೋದು ಆಗಸ್ಟ್ ನಂತರ, ಅಲ್ಲಿವರೆಗೆ ಹಳೆ ಗೋಡೆ ಬೇಕೇ ಬೇಕು. ಮೊದಲೇ ಎರಡು ವರ್ಷಕ್ಕಾಗುವಷ್ಟು ಉದ್ದದ ಗೋಡೆ ಹಿಡಿದು ಅಕ್ಕಪಕ್ಕ ಎರಡು ಪಟ್ಟಿ ಮಾಡಿಸಿ. ನಮ್ಮ ಪುಣ್ಯಕ್ಕೆ ಶಾಲೆ ಕಾಂಪೌಂಡು ಉದ್ದ ಇತ್ತು.

2024ರಲ್ಲಿ ನಮಗೆ ಹಾಕಿದ ರೇಟು ಚದರಡಿಗೆ 35 ರೂಪಾಯಿ, ಬಣ್ಣ ಅವರದ್ದೇ. ಅರವತ್ತು ಚದರಡಿಗೆ 2,100, ಕಪ್ಪು ಪಟ್ಟಿಗೆ 300 ಬೇರೆ. ನಡುವೆ ಬಂದು ತಿದ್ದಿಕೊಟ್ಟಿದ್ದಕ್ಕೆ ಬಸ್ ಚಾರ್ಜು ಮತ್ತು ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ. ಫ್ಲೆಕ್ಸಿಗೆ 720 ಆಗ್ತಿತ್ತು, ಆದ್ರೆ ತಿದ್ದಿದಾಗೆಲ್ಲ ಮತ್ತೆ 720. ರಸೀದಿ ಕೇಳಿ ತಗೊಳ್ಳಿ, ಕೇಳದೇ ಕೊಡಲ್ಲ. ಪಂಚಾಯ್ತಿ ವೋಚರಿಗೆ ಬೇಕಾಗುತ್ತೆ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಕೊಟ್ಟರೆ ಆ ಕಡೆ ತಲೆ ಹಾಕಲ್ಲ. ದಸರಾ, ದೀಪಾವಳಿ ಮುಂದೆ ಅಂಗಡಿ ಬೋರ್ಡುಗಳ ಕೆಲಸ ಜೋರಿರುತ್ತೆ, ಆಗ ಕರೆದರೆ ಸಿಗಲ್ಲ. ಏಪ್ರಿಲ್‌ನಲ್ಲೇ, ಗೋಡೆ ಕಾದಿರುವಾಗ, ಮಳೆಗೆ ಮುಂಚೆ ಹಿಡಿದು ಬರೆಸಿಬಿಡಿ.